ಒಳಗೆ ಕೂತು ಹೇಳುವವರು

ನಮ್ಮ ದೊಡ್ಡಪ್ಪ ಜೀವಮಾನವೆಲ್ಲ ಬಸ್ಸು ಓಡಿಸಿದವರು. ನಿವೃತ್ತಿಯಾದ ಮೇಲೆ ಒಂದು ಹಳೇ ಕಾರು ಕೊಂಡರು. ಗಾಡಿ ಚಿಕ್ಕದಾಯಿತೇ ಹೊರತು ಅವರೇನೂ ಬದಲಾಗಲಿಲ್ಲ. ಹೊರಡುವ ಮೊದಲು ಗಾಡಿಗೆ ಒಂದು ಸುತ್ತು ಹಾಕಬೇಕು, ಚಕ್ರ ಒದ್ದು ನೋಡಬೇಕು, ಆಮೇಲೇ ಹತ್ತುವುದು. ಚಾಲಕನೊಡನೆ ಮಾತನಾಡಬಾರದೆಂಬ ನಿಯಮವೂ ಹಾಗೇ ಉಳಿಯಿತು. ಅದಕ್ಕೇ ದೊಡ್ಡಮ್ಮನಿಗೆ ಯಾವಾಗಲೂ ಹಿಂದಿನ ಸೀಟು. ಕಟ್ಟಿಕೊಂಡ ಹೆಂಡತಿಯಾದರೇನು, ಆ ಕಾರಿನಲ್ಲಿ ಅವರೂ ಒಬ್ಬ ಪ್ರಯಾಣಿಕರು. ಅದೇ ಮನೆಯ ಮಹಡಿಯಲ್ಲಿರುವ ನನಗೆ ಇದೆಲ್ಲ ನಿತ್ಯದ ತಮಾಷೆಯಾಗಿತ್ತು.

ತಮಾಷೆ ನಿಂತದ್ದು ಟೆಂಪೊ ಗುದ್ದಿದ ದಿನ. ಅಡ್ಡರಸ್ತೆಯಿಂದ ನುಗ್ಗಿ ಬಂದು ಕಾರಿನ ಹಿಂದಿನ ಎಡಬಾಗಿಲಿಗೆ ಹೊಡೆಯಿತು. ಬಾಗಿಲು ನಜ್ಜುಗುಜ್ಜಾಯಿತು, ಗಾಜು ಪುಡಿಯಾಗಿ ದೊಡ್ಡಮ್ಮನ ಮಡಿಲಿಗೂ ತಲೆಗೂ ಸುರಿಯಿತು. ಬಲಗಡೆ ಕೂತಿದ್ದರಿಂದ ಬಚಾವಾದರು, ಮೈಮೇಲೆ ಒಂದು ಗೀರೂ ಇಲ್ಲ. ಆಗ ದೊಡ್ಡಪ್ಪ ಇಳಿದವರೇ ಮಾಡಿದ್ದೇನು? ಮುಂದಿನ ಬಂಪರಿನಿಂದ ಶುರುಮಾಡಿ ಗಾಡಿಗೆ ಪೂರ್ತಿ ಒಂದು ಸುತ್ತು ಹಾಕಿದರು. ಬೇಕೆಂದು ಮಾಡಿದ್ದಲ್ಲ, ಕಾಲಿಗೆ ಅಂಟಿಕೊಂಡ ಅಭ್ಯಾಸ. ಆದರೆ ಗಾಜಿನ ಚೂರುಗಳ ನಡುವೆ ಅಲ್ಲಾಡದೆ ಕೂತಿದ್ದವರಿಗೆ ಅದು ಹೇಗೆ ಕಂಡೀತು!

"ಇನ್ನು ಆ ಕಾರು ಹತ್ತಲ್ಲ ನಾನು," ಎಂದರು ದೊಡ್ಡಮ್ಮ ಮನೆಗೆ ಬಂದು ತಲೆ ಬಾಚಿಕೊಳ್ಳುತ್ತಾ. ಬಾಚಣಿಗೆಯಿಂದ ಇನ್ನೂ ಚೂರು ಉದುರುತ್ತಿತ್ತು. "ಮೊದ್ಲು ಬಂಪರ್ ನೋಡಿದ್ರು ಕಣೇ. ನನ್ನನ್ನ ಆಮೇಲೆ."

ಹತ್ತಲ್ಲ ಎಂದವರು ಹತ್ತಲೇ ಇಲ್ಲ. ತಂಗಿಯ ಮನೆಗೆ, ಅಂದರೆ ನಮ್ಮಮ್ಮನ ಹತ್ತಿರ ಹೋಗಬೇಕಾದರೂ ಬಸ್ಸೇ. ದೊಡ್ಡಪ್ಪನಿಗೆ ತಮ್ಮ ತಪ್ಪು ಏನೆಂದು ಅರ್ಥವಾಗಿತ್ತು, ಆದರೆ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಇಬ್ಬರ ನಡುವೆ ನಾನು ಅಡಕತ್ತರಿಯಲ್ಲಿ ಸಿಕ್ಕ ಹಾಗಿದ್ದೆ.

ಹೊಸ ಬಾಗಿಲು ಬರುವುದು ತಡವಾಗುತ್ತದೆ, ಅಲ್ಲಿಯವರೆಗೆ ಒಳಗೆ ನೀರು ಹೋಗದ ಹಾಗೆ ನೋಡಿಕೊಳ್ಳಿ ಎಂದ ಗ್ಯಾರೇಜಿನವನು. ಮಳೆಗಾಲ ಬೇರೆ ಹತ್ತಿರವಾಗಿತ್ತು. ದೊಡ್ಡಪ್ಪ ಇಡೀ ಕಾರಿಗೆ ಟಾರ್ಪಾಲು ಹೊದಿಸಿ ಹಗ್ಗದಿಂದ ಬಿಗಿದು ಕಟ್ಟಿದರು. ಕೆಲವು ದಿನ ಬಿಟ್ಟು ಬಿಚ್ಚಿದರೆ ಒಳಗಿನ ಗಾಜಿಗೆಲ್ಲ ಬೆವರು, ಸೀಟಿಗೆ ಬೂಷ್ಟು. ಗಾಳಿಯಾಡದೆ ಒಳಗಿನ ತೇವ ಒಳಗೇ ಉಳಿದಿತ್ತು. ಸರಿ, ಮತ್ತೆ ಮೊದಲಿನಿಂದ. ಮ್ಯಾಟುಗಳನ್ನು ಅಡುಗೆಮನೆಯ ಕಿಟಕಿಯ ಕೆಳಗೇ ಬಿಸಿಲಿಗೆ ಹರವಿದರು. ಬಣ್ಣ ಕಿತ್ತುಹೋದ ತಗಡನ್ನು ಉಜ್ಜಿ, ತುಕ್ಕು ಹಿಡಿಯದಂತೆ ಪ್ರೈಮರ್ ಬಳಿದರು. ಒಡೆದ ಕಿಟಕಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಸುತ್ತಲೂ ಟೇಪು ಹಾಕಿದರು. ಒದ್ದೆ ಇದ್ದರೆ ಟೇಪು ಹಿಡಿಯುವುದಿಲ್ಲವೆಂದು ಮೊದಲು ಅಂಚನ್ನೆಲ್ಲ ಒಣಬಟ್ಟೆಯಿಂದ ಒರೆಸಿದ್ದೇ ಒರೆಸಿದ್ದು.

"ಮಗೂಗೆ ಸ್ನಾನ ಮಾಡಿಸಿ ಒರೆಸೋ ಹಾಗೆ ಒರೆಸ್ತಿದಾರೆ ನೋಡು," ಎಂದರು ದೊಡ್ಡಮ್ಮ ಅಡುಗೆಮನೆಯ ಕಿಟಕಿಯಿಂದ. "ನಂಗೆ ಜ್ವರ ಬಂದಾಗ ಒಂದು ಲೋಟ ನೀರು ಕೊಟ್ಟಿದ್ರೆ ಕೇಳು."

ಅದು ಶುದ್ಧ ಸುಳ್ಳು, ಕೊಟ್ಟಿದ್ದನ್ನು ನಾನೇ ನೋಡಿದ್ದೇನೆ. ಆದರೆ ಆ ಹೊತ್ತಿನಲ್ಲಿ ಅದನ್ನು ಹೇಳುವಷ್ಟು ದಡ್ಡಿ ನಾನಲ್ಲ.

ಟೇಪು ಹಾಕಿದರೆ ಸಾಲದು, ಪರೀಕ್ಷೆಯೂ ಆಗಬೇಕಲ್ಲ. ಒಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು, ಇನ್ನೊಬ್ಬರು ಒಳಗೆ ಕೂತು ಎಲ್ಲಿ ಸೋರುತ್ತದೆಂದು ಹೇಳಬೇಕು. ದೊಡ್ಡಪ್ಪ ನನ್ನನ್ನು ಕೂರಿಸಿದರು. ನಾನು ಫೋನು ನೋಡುತ್ತಾ ಕೂತೆ. ಕಾಲಡಿ ನೀರು ನಿಂತದ್ದು ಗೊತ್ತಾಗಿದ್ದು ಚಪ್ಪಲಿ ನೆನೆದ ಮೇಲೆ.

"ಇಳಿಯಮ್ಮಾ ತಾಯಿ, ನಿನ್ನ ಸಹಾಯ ಸಾಕು," ಎಂದು ಕೈಮುಗಿದು, ನೀರು ಒರೆಸಿ, ಹಳೇ ಟೇಪು ಕಿತ್ತು ಹೊಸದು ಹಾಕಿದರು. ಅಷ್ಟರಲ್ಲಿ ಮೋಡ ಕಟ್ಟಿತು. ಒಳಗೆ ಕೂರಲು ಇನ್ನು ಯಾರನ್ನು ಕರೆಯುವುದೆಂದು ಪೈಪು ಹಿಡಿದು ಅತ್ತಿತ್ತ ನೋಡಿದರು. ಮನೆಯ ಕಡೆ ಮಾತ್ರ ನೋಡಲಿಲ್ಲ.

ದೊಡ್ಡಮ್ಮ ತಾವಾಗಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. "ನಾನು ಕೂರ್ತೀನಿ, ನೀರು ಬಿಡಿ. ನಿಮ್ಮ ಕಾರಿಗೋಸ್ಕರ ಏನಲ್ಲ. ಇನ್ನೊಂದು ಸಲ ಆ ಬೂಷ್ಟು ವಾಸನೆ ಕುಡಿಯೋಕೆ ನನ್ನ ಕೈಲಾಗಲ್ಲ."

ಹಿಂದಿನ ಸೀಟಿನ ಬಲಗಡೆಗೇ ಹತ್ತಿ ಕೂತರು. ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದು ನನಗೆ ಕಾಣುತ್ತಿತ್ತು. ಅಯ್ಯೋ ಎನ್ನಿಸಿತು. ದೊಡ್ಡಪ್ಪ ಪೈಪಿನ ಬಾಯಿಗೆ ಬೆರಳು ಅಡ್ಡ ಹಿಡಿದು ನೀರು ಬಿಟ್ಟರು. ಪ್ಲಾಸ್ಟಿಕ್ ಹಾಳೆ ಪಟಪಟ ಸದ್ದು ಮಾಡಿತು. ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ಗಾಜು ತಟ್ಟಿದರು.

ಈಗ ಟೇಪು ನೋಡಲು ಓಡುತ್ತಾರೆ ಅಂದುಕೊಂಡೆ. ದೊಡ್ಡಪ್ಪ ಪೈಪು ಬಿಸಾಕಿ ನೇರವಾಗಿ ದೊಡ್ಡಮ್ಮನ ಬಾಗಿಲಿಗೆ ಬಂದು ಅದನ್ನು ತೆಗೆದರು.

"ಯಾಕೆ, ಹೆದರಿಕೆ ಆಯ್ತಾ?"

"ಆ ಮೂಲೇಲಿ ನೀರು ಬರ್ತಿದೆ ಕಣ್ರೀ."

"ಬರ್ಲಿ ಬಿಡು ಅತ್ಲಾಗೆ. ನೀನು ಇಳಿ. ಅವತ್ತೇ ಮೊದ್ಲು ನಿನ್ನ ಹತ್ರ ಬರ್ಬೇಕಿತ್ತು ನಾನು."

ದೊಡ್ಡಮ್ಮ ಅವರ ಮುಖವನ್ನೇ ನೋಡಿದರು. ಆಮೇಲೆ ಸೀಟಿನಿಂದ ಕೈ ಬಿಟ್ಟು ಹಿಂದಕ್ಕೆ ಒರಗಿ ಕೂತರು.

"ಇಳಿಯಲ್ಲ," ಎಂದರು. "ಹೋಗಿ ಟೇಪ್ ತಗೊಂಡ್ ಬನ್ನಿ."