ಗಂಟು ಕಟ್ಟಿದ ಮಧ್ಯಾಹ್ನ

ಯಾವುದೇ ಕೆಲಸವನ್ನು ಮಾಡುವುದಕ್ಕಿಂತ ಅದನ್ನು ಹೇಗೆ ಮಾಡಬೇಕೆಂದು ಯೋಚಿಸುತ್ತ ಕೂರುವುದೇ ನನಗೆ ಹೆಚ್ಚು ಪ್ರಿಯ. ಇದಕ್ಕೆ ಸೋಮಾರಿತನ ಎಂದು ಹೆಸರಿಡುವವರಿದ್ದಾರೆ, ಇಡಲಿ. ನಾನು ಹುಟ್ಟಿದ್ದು ಗಜೇಂದ್ರಗಡದಲ್ಲಿ. ಗುಡ್ಡದ ಕೆಳಗಿನ ನಮ್ಮ ಓಣಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಸದ್ದು. ಲಾಳಿ ಅತ್ತಿಂದಿತ್ತ ಓಡುವ ಆ ಸದ್ದಿನಲ್ಲಿ ಬೆಳೆದವರ ಮನಸ್ಸೂ ಅತ್ತಿಂದಿತ್ತ ಓಡಿದರೆ ಅದು ಊರಿನ ಗುಣವೇ ಹೊರತು ಅವರ ತಪ್ಪಲ್ಲ. ಮದುವೆಯಾಗಿ ರೋಣಕ್ಕೆ ಬಂದು, ಅಲ್ಲಿನ ಶಾಲೆಯಲ್ಲಿ ಶಿಕ್ಷಕಿಯಾದ ಮೇಲೂ ಈ ಚಾಳಿ ಬಿಡಲಿಲ್ಲ. ಹಂಚಿನ ಮೇಲೆ ರೊಟ್ಟಿ ಹಾಕಿ, ನಾಳೆ ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಏನು ಕಲಿಸಲಿ ಎಂದು ಯೋಚಿಸುತ್ತ ನಿಂತರೆ ರೊಟ್ಟಿ ತನ್ನ ಪಾಡಿಗೆ ತಾನು ಕರ್ರಗಾಗುತ್ತಿತ್ತು. ಪಡಸಾಲೆಯಿಂದ ಅತ್ತೆಯವರ ದನಿ ಬರುತ್ತಿತ್ತು:

"ಅಕ್ಕಾರು ಮತ್ತ ಯಾವ ಊರಿಗೆ ಹೋದ್ರೋ ಏನೋ. ರೊಟ್ಟಿ ಹೊತ್ತಿದ ವಾಸನಿ ಬರಾಕ ಹತ್ತೈತಿ."

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸಿಗೆ ಅಕ್ಕಾರು ಎನ್ನುತ್ತಾರೆ. ಮಕ್ಕಳು ಗೌರವದಿಂದ ಕರೆಯುತ್ತಿದ್ದರು. ಅತ್ತೆ ಕರೆದಾಗ ಮಾತ್ರ ಅದರಲ್ಲಿ ಒಂದು ಹಿಡಿ ಖಾರ ಬೆರೆತಿರುತ್ತಿತ್ತು.

ನಮ್ಮ ಸೀಮೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ದೇಶವೆಲ್ಲ ನೂರು ವರ್ಷದ ಹಿಂದಿನ ದಂಗೆಯನ್ನು ನೆನೆಯುತ್ತಿದ್ದ ಕಾಲ. ಶಾಲೆಗಳೂ ಒಂದು ದಿನ ಅದನ್ನು ನೆನೆಯಬೇಕೆಂದು ಮೇಲಿನಿಂದ ಹೇಳಿಕಳಿಸಿದ್ದರು. ಇಂಥ ದಿನಗಳ ರೀತಿ ನಿಮಗೆ ಗೊತ್ತು: ಒಂದು ಭಾಷಣ, ಎರಡು ಹಾಡು, ಕೈಗೊಂದು ಪೇಢೆ. ಮಕ್ಕಳಿಗೆ ನೆನಪುಳಿಯುವುದು ಪೇಢೆ ಒಂದೇ. ಅಲ್ಲದೆ ನಾವು ಕಲಿಸುತ್ತಿದ್ದ ಇತಿಹಾಸವಾದರೂ ಎಂಥದು? ಇಸವಿಯೆಂಬ ಗೂಟಕ್ಕೆ ಕಟ್ಟಿದ ದನ. ಗೂಟ ಕಿತ್ತರೆ ಸಾಕು, ಪರೀಕ್ಷೆಯ ಮರುದಿನವೇ ಓಡಿಹೋಗುತ್ತಿತ್ತು. ಈ ಸಲ ಮಕ್ಕಳು ಇತಿಹಾಸವನ್ನು ಕೈಯಾರೆ ಮಾಡಿ ತಿಳಿಯಲಿ ಎಂದು ನಾನು ಹೆಡ್ ಮಾಸ್ತರರ ಮುಂದೆ ಹೇಳಿದೆ.

"ಕೈಲೆ ಮಾಡಾಕ ಇತಿಹಾಸ ಏನು ಉಪ್ಪಿನಕಾಯೇನ್ರಿ, ಅಕ್ಕಾರ?" ಎಂದರು ಅವರು. ಆದರೂ ಬೇಡ ಎನ್ನಲಿಲ್ಲ.

ನನಗೆ ಅಷ್ಟು ಸಾಕಾಯಿತು. ಆ ವಾರವಿಡೀ ನಾನು ರೋಣದಲ್ಲಿ ಇರಲೇ ಇಲ್ಲ, ಕುಂಪಣಿ ಸರ್ಕಾರದಲ್ಲಿದ್ದೆ. ನೀರು ಸೇದುವಾಗ ಸಾಹೇಬರ ಡೇರೆ ಕಾಣುತ್ತಿತ್ತು. ಜೋಳ ಹಸನು ಮಾಡುವಾಗ ಕುದುರೆಗಳ ಖುರಪುಟ ಕೇಳುತ್ತಿತ್ತು. ಮಕ್ಕಳು ಹತ್ತಿ ಬಿಡಿಸಬೇಕು, ನೂಲು ತೆಗೆಯಬೇಕು, ಅದನ್ನು ಒಯ್ದು ಸಾಹೇಬನ ತಕ್ಕಡಿಗೆ ಹಾಕಬೇಕು. ಸರಪಳಿ ಹಿಡಿದು ಶಾಲೆಯ ಅಂಗಳ ಅಳೆಯಬೇಕು. ಸಲಾಮು ಹೊಡೆದು ಹೊಡೆದು ಬೇಸತ್ತು ಕೊನೆಗೆ ದಂಗೆ ಏಳಬೇಕು. ನನ್ನ ಕಣ್ಣೆದುರು ಎಲ್ಲವೂ ಎಷ್ಟು ಚಂದವಾಗಿ ನಡೆಯಿತೆಂದರೆ, ನಿಜವಾಗಿ ಮಾಡುವ ಅಗತ್ಯವೇ ಇಲ್ಲವೇನೋ ಎನಿಸಿತು.

ಸಾಹೇಬನಿಗೊಂದು ಬೆಂಡಿನ ಟೋಪಿ ಬೇಕಾಗಿತ್ತು. ನನ್ನ ಯಜಮಾನರು ಕೆಲಸ ಮಾಡುತ್ತಿದ್ದ ಅಡತಿ ಅಂಗಡಿಯ ಸಾವ್ಕಾರರ ಅಟ್ಟದ ಮೇಲೆ ಅಂಥದೊಂದು ಸಿಕ್ಕಿತು. ಅದರಲ್ಲಿ ಬೆಕ್ಕು ಮರಿ ಹಾಕಿತ್ತು. ಮರಿಗಳು ಕಣ್ಣು ತೆರೆದು ತಾವಾಗಿ ಟೋಪಿ ಬಿಟ್ಟು ಹೋಗುವವರೆಗೆ ಕಾಯಬೇಕೆಂದು ಸಾವ್ಕಾರರ ಹೆಂಡತಿ ಅಪ್ಪಣೆ ಮಾಡಿದರು. ಒಂದು ಸಾಮ್ರಾಜ್ಯದ ಗತಿ ಇಷ್ಟೇ ನೋಡಿ ಎಂದುಕೊಂಡು ಕಾದೆ.

ಟೋಪಿ ಬಂದ ದಿನವೇ ನನ್ನ ಯೋಜನೆ ತಲೆಕೆಳಗಾಯಿತು. ಗಂಡುಮಕ್ಕಳೆಲ್ಲ ಸಾಹೇಬರಾಗಲು ಸಿದ್ಧ! ದಂಗೆ ಏಳಲು ಒಬ್ಬನೂ ಇಲ್ಲ. ಕೊನೆಗೆ ಬಸಣ್ಣೆಪ್ಪ ಎಂಬ ಹುಡುಗನ ತಲೆಗೆ ಟೋಪಿ ಸರಿಯಾಗಿ ಕೂತದ್ದರಿಂದ ಅವನೇ ಸಾಹೇಬನಾದ. ಉಳಿದವರಿಗೆ ಕತ್ತಿ, ಪೇಟ, ಕುದುರೆ ಹಂಚಿದೆ. ಹೆಣ್ಣುಮಕ್ಕಳ ಸಾಲಿನಲ್ಲಿ ಕೂತಿದ್ದ ನೀಲವ್ವ ಇದನ್ನೆಲ್ಲ ನೋಡುತ್ತಿದ್ದಳು. ಕಡ್ಡಿಯಂಥ ಹುಡುಗಿ. ಅವಳು ಎದ್ದು ನಿಂತು ಕೇಳಿದಳು:

"ಅಕ್ಕಾರ, ಆವಾಗ ನಾವೆಲ್ಲೆ ಇದ್ವಿರಿ?"

"ನೀವು ಹಿಂದ ನಿಂದರ್ರಿ. ನೀವು ಊರ ಮಂದಿ."

"ಊರ ಮಂದಿ ಏನು ಮಾಡತಿದ್ರು?"

ನನ್ನ ಪುಸ್ತಕದಲ್ಲಿ ಅರಸರು ಏನು ಮಾಡಿದರೆಂದಿತ್ತು, ಸಾಹೇಬರು ಏನು ಮಾಡಿದರೆಂದಿತ್ತು. ಇಡೀ ವಾರ ಆ ಕಾಲದಲ್ಲೇ ಓಡಾಡಿ ಬಂದವಳು ನಾನು. ಆದರೂ ಅಲ್ಲಿ ಒಂದು ಮನೆಯ ಬಾಗಿಲನ್ನೂ ತಟ್ಟಿರಲಿಲ್ಲ.

ಸಂಜೆ ಅತ್ತೆಯವರು ಕಟ್ಟೆಯ ಮೇಲೆ ಮೊರ ಹಿಡಿದು ಕಡಲೆ ಕೇರುತ್ತಿದ್ದರು. ಅವರ ತವರು ನರಗುಂದ. ಅಲ್ಲಿನ ಅರಸರು ಕುಂಪಣಿಯ ಮೇಲೆ ತಿರುಗಿಬಿದ್ದದ್ದು, ದಂಡು ಬಂದು ಊರನ್ನು ಹಾಳುಗೆಡವಿದ್ದು ನಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಅತ್ತೆ ಆ ವಿಷಯ ಎತ್ತಿದವರಲ್ಲ. ಶಾಲೆಯಲ್ಲಿ ಸಾಹೇಬನ ಆಟ ನಡೆದಿದೆ ಎಂದು ಕೇಳಿದಾಗಿನಿಂದಂತೂ ನನ್ನೊಡನೆ ಮಾತೇ ಕಡಿಮೆ ಮಾಡಿದ್ದರು. ನಾನು ಹತ್ತಿರ ಕೂತು ನೀಲವ್ವನ ಪ್ರಶ್ನೆಯನ್ನೇ ಕೇಳಿದೆ.

"ಅತ್ತೀ, ನರಗುಂದಕ್ಕ ದಂಡು ಬಂದಾಗ ನಿಮ್ಮ ಮಂದಿ ಏನು ಮಾಡಿದ್ರು?"

ಮೊರ ನಿಂತಿತು.

"ಓಡಿದ್ರು," ಎಂದರು.

ಕಡಲೆಯಲ್ಲಿ ಕೈಯಾಡಿಸಿ, ತಾವಾಗಿಯೇ ಮುಂದುವರಿಸಿದರು. "ನಮ್ಮ ಆಯಿ, ನಮ್ಮವ್ವನ ಅವ್ವ, ಆವಾಗ ಸಣ್ಣ ಕೂಸು. ಅಕಿನ್ನ ಅಕಿ ಅವ್ವ ಬಗಲಾಗ ಎತಗೊಂಡು, ತಲಿ ಮ್ಯಾಲೆ ಗಂಟು ಇಟಗೊಂಡು ಹೊಂಟ್ಲಂತ. ಗಂಟಿನ್ಯಾಗ ಏನಿತ್ತು ಗೊತ್ತೇನು? ಬಂಗಾರಲ್ಲ. ಒಂದು ಗಡಿಗ್ಯಾಗ ಮೊಸರಿನ ಹೆಪ್ಪು. ಹೋದೂರಾಗ ಹಾಲು ಕೊಡೂವರು ಸಿಗತಾರ, ಹೆಪ್ಪು ಯಾರನ್ನ ಕೇಳೂದು ಅಂದ್ಲಂತ. ಅದಽ ಹೆಪ್ಪು ನಮ್ಮ ಮನ್ಯಾಗ ಇವತ್ತಿಗೂ ನಡದೈತಿ."

ಇದು ಖರೆಯೋ ಅಲ್ಲವೋ ನಾನರಿಯೆ. ನಾನು ಬಂದ ಮೇಲೆಯೇ ಬೆಕ್ಕು ಮೊಸರು ಚೆಲ್ಲಿ, ಪಕ್ಕದ ಮನೆಯಿಂದ ಹೆಪ್ಪು ಇಸಿದುಕೊಂಡ ನೆನಪಿದೆ. ಆದರೆ ಆ ಸಂಜೆ ಅದನ್ನು ಹೇಳುವಷ್ಟು ಅರಸಿಕಳಾಗಿರಲಿಲ್ಲ.

"ನೀವು ಆಟ ಆಡೂದಿದ್ರ ಇದನ್ನ ಆಡ್ರಿ," ಎಂದರು ಅತ್ತೆ. "ಟೊಪಿಗಿ ಹಾಕೊಂಡು ಕುರ್ಚಿ ಮ್ಯಾಲೆ ಕುಂಡ್ರೂದು ಏನು ದೊಡ್ಡದು!"

ಅಂದಿನಿಂದ ನನ್ನ ಹಗಲುಗನಸು ದಾರಿ ಬದಲಿಸಿತು. ಎಲ್ಲಿ ನೋಡಿದರೂ ಗಂಟು. ಕನ್ನಡದಲ್ಲಿ ಈ ಮಾತಿಗೆ ಎಷ್ಟು ಮುಖ, ನೋಡಿ. ಮದುವೆಗೆ ಬ್ರಹ್ಮಗಂಟು, ಮುನಿದವರದು ಗಂಟುಮೋರೆ. ಕೊಡಲು ಮನಸ್ಸಿಲ್ಲದವನನ್ನು ನಿನ್ನ ಅಪ್ಪನ ಮನೆ ಗಂಟೇನು ಹೋಗುತ್ತದೆ ಎಂದು ಹಂಗಿಸುತ್ತೇವೆ. ಕೂಡಿಟ್ಟವನ ಪೆಟ್ಟಿಗೆಯಲ್ಲಿರುವುದೂ ಗಂಟು, ಎಲ್ಲವನ್ನೂ ಬಿಟ್ಟು ಹೊರಟವನ ತಲೆಯ ಮೇಲಿರುವುದೂ ಗಂಟೇ. ಒಂದು ಮನೆಯನ್ನು ಒಂದು ಹಚ್ಚಡದಲ್ಲಿ ಕಟ್ಟಬೇಕಾಗಿ ಬಂದರೆ ನಾನು ಏನನ್ನು ಕಟ್ಟಿಕೊಂಡೇನು? ಒಲೆಯ ಮುಂದೆ ನಿಂತು ಇದನ್ನೇ ಯೋಚಿಸಿದೆ. ಆ ದಿನವೂ ರೊಟ್ಟಿ ಹೊತ್ತಿತು. ಅತ್ತೆ ಮಾತ್ರ ಏನೂ ಅನ್ನಲಿಲ್ಲ.

ಹೊಸ ಯೋಜನೆ ಕೇಳಿ ಹೆಡ್ ಮಾಸ್ತರರ ಮುಖ ಕೆಂಪಾಯಿತು. ಮಕ್ಕಳು ತಮಗೆ ಬೇಕೆನಿಸಿದ್ದನ್ನು ಗಂಟು ಕಟ್ಟಿಕೊಂಡು ಊರು ಬಿಟ್ಟು ನಡೆಯಬೇಕು ಎಂದಿದ್ದೆ.

"ಓಡಿಹೋಗೂದನ್ನ ಕಲಸ್ತೀರೇನ್ರಿ ಮಕ್ಕಳಿಗೆ?" ಎಂದರು. ಅವರು ಚಲೇಜಾವ್ ಚಳವಳಿಯಲ್ಲಿ ಲಾಠಿ ತಿಂದವರು. ಎಡಗೈ ಹೆಗಲಿನಿಂದ ಮೇಲೆ ಏಳುತ್ತಿರಲಿಲ್ಲ. "ನಾವು ನಿಂತು ಹೊಡತ ತಿಂದಿದ್ದು ಯಾತಕ್ಕ? ನಮ್ಮ ಮಂದಿ ಹೆದರಿ ಓಡಿದ್ರು ಅಂತ ಹೇಳಾಕ ನನ್ನ ಕಡೆಯಿಂದ ಆಗೂದಿಲ್ಲ. ಇನ್ಸ್‌ಪೆಕ್ಟರ್ ಸಾಹೇಬ್ರು ಬ್ಯಾರೆ ಅವತ್ತ ಸಾಲಿ ನೋಡಾಕ ಬರ್ತಾರ."

ಅವರದು ಬರೀ ಹಟವಲ್ಲ, ನೋವು. ಅದು ಗೊತ್ತಿದ್ದೇ ಮೆಲ್ಲಗೆ ಹೇಳಿದೆ: "ಹೆದರಿದ್ರು ಖರೆ, ಸರ್. ಹೆದರಿಕಿ ಒಳಗ ಕೂಸಿನ್ನ ಎತಗೊಂಡು, ನಾಳೆ ಉಣ್ಣಾಕ ಏನು ಬೇಕು ಅಂತ ವಿಚಾರ ಮಾಡಿ ಹೊಂಟ್ರಲ್ರಿ. ಅವರು ಬದುಕಿ ಉಳಿಯದಿದ್ರ ಈ ಹುಡುಗ್ರೆಲ್ಲಿ ಬರತಿದ್ರು? ನಮ್ಮ ಅತ್ತೀನಽ ಇರತಿದ್ದಿಲ್ಲ."

ಅವರು ಬಲಗೈಯಿಂದ ಎಡಹೆಗಲನ್ನು ಒತ್ತಿಕೊಂಡರು. ಕೊನೆಗೆ, ಮುಂಜಾನೆ ಇನ್ಸ್‌ಪೆಕ್ಟರರ ಮುಂದೆ ಅರಸರ, ಸಾಹೇಬರ ಆಟ ಆಗಲಿ, ಅವರು ಹೋದ ಮೇಲೆ ಮಧ್ಯಾಹ್ನ ನಿಮ್ಮದನ್ನು ಮಾಡಿಕೊಳ್ಳಿ ಎಂದರು. ಪಕ್ಕದೂರು ಸವಡಿಯ ದಾರಿಯಲ್ಲಿ ಊರಾಚೆ ಒಂದು ಬನ್ನಿ ಮರವಿತ್ತು. ಅಲ್ಲಿಯವರೆಗೆ ಹೋಗಿ ತಿರುಗಿ ಬರಬೇಕು, ಒಂದು ಹೆಜ್ಜೆಯೂ ಮುಂದಿಲ್ಲ ಎಂದು ಕಟ್ಟುಮಾಡಿದರು.

ಬೆಳಗಿನ ಆಟ ಸಾಂಗವಾಯಿತು. ಬಸಣ್ಣೆಪ್ಪ ಕುರ್ಚಿಯಿಂದ ಉರುಳಿ ಬಿದ್ದು ಎಷ್ಟು ಚೆನ್ನಾಗಿ ಸತ್ತನೆಂದರೆ, ಇನ್ಸ್‌ಪೆಕ್ಟರರು ಇನ್ನೊಮ್ಮೆ ಸಾಯಲು ಹೇಳಿದರು.

ಮಧ್ಯಾಹ್ನ ಮಕ್ಕಳು ಮನೆಗೆ ಹೋಗಿ ಗಂಟು ಕಟ್ಟಿಕೊಂಡು ಬಂದರು. ಏನು ತರಬೇಕೆಂದು ನಾನು ಹೇಳಿರಲಿಲ್ಲ. ಒಬ್ಬಳು ಕುಂಕುಮದ ಭರಣಿ ತಂದಿದ್ದಳು. ಒಬ್ಬನ ಗಂಟಿನಲ್ಲಿ ಬುಗುರಿ ಬಿಟ್ಟರೆ ಬೇರೇನಿಲ್ಲ. ಅಂಗಡಿಕಾರರ ಮಗ ಅಂಗಡಿಯ ಬೀಗವನ್ನೇ ತಂದಿದ್ದ. ಅಪ್ಪ ಹುಡುಕುತ್ತಿರಬಹುದು ಎಂದರೆ, "ಅಂಗಡಿ ಹೊರಾಕ ಬರೂದಿಲ್ಲಲ್ರಿ" ಎಂದ. ನೀಲವ್ವ ಬಿತ್ತನೆಯ ಜೋಳದ ತೆನೆಗಳನ್ನು ಅವ್ವನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡಿದ್ದಳು. ಅಷ್ಟು ಸಾಲದೆಂಬಂತೆ ಇನ್ನೂ ನಡೆಯಲು ಕಲಿಯುತ್ತಿದ್ದ ತಮ್ಮನನ್ನು ಬಗಲಲ್ಲಿ ಎತ್ತಿಕೊಂಡು ಬಂದಿದ್ದಳು.

"ಇವನ್ನ ಯಾಕ ತಂದಿ?"

"ಬಿಟ್ಟು ಬರಾಕ ಆಕ್ಕೈತೇನ್ರಿ?" ಎಂದು ನನ್ನನ್ನೇ ಕೇಳಿದಳು.

ಹೊರಟೆವು. ಓಣಿ ದಾಟುವವರೆಗೆ ನಗು, ತಳ್ಳಾಟ. ಮನೆಯ ಕಟ್ಟೆಯ ಮೇಲೆ ನಿಂತಿದ್ದ ಅತ್ತೆಯವರು ನಾವು ಹಾಯ್ದುಹೋಗುವಾಗ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಊರು ಮುಗಿದು ಎರೆಹೊಲಗಳು ಶುರುವಾದವು. ಚಳಿಗಾಲದ ಬಿಸಿಲು, ತೂಕವೇ ಇಲ್ಲದ್ದು. ಎರಡೂ ಕಡೆ ಹತ್ತಿ ಒಡೆದು ಬೆಳ್ಳಗೆ ನಿಂತಿತ್ತು. ಅದರಾಚೆ ಹಾಲುಗಾಳಿನ ಜೋಳ. ಗದಗಿಗೆ ಹೋಗುವ ಬಸ್ಸಿನ ಸದ್ದು ಹಿಂದೆ ಎಲ್ಲೋ ಕೇಳಿ ಅಡಗಿತು. ಆಮೇಲೆ ಮಕ್ಕಳು ಒಬ್ಬೊಬ್ಬರಾಗಿ ಸುಮ್ಮನಾದರು. ಯಾರೂ ಹೇಳಿರಲಿಲ್ಲ. ಗಂಟಿನ ಭಾರವೋ, ಮುಂದೆ ಏನೂ ಇಲ್ಲದ ಆ ದಾರಿಯ ಗುಣವೋ, ಬರಿಗಾಲುಗಳು ಧೂಳಿನಲ್ಲಿ ಊರುವ ಮೆತ್ತನೆಯ ಸದ್ದೊಂದೇ ಉಳಿಯಿತು. ಬಸಣ್ಣೆಪ್ಪ ಟೋಪಿಯನ್ನು ತಲೆಕೆಳಗಾಗಿ ಹಿಡಿದು ಅದರಲ್ಲಿ ಚುರುಮುರಿ ತುಂಬಿಕೊಂಡು ನಡೆದಿದ್ದ. ಒಂದು ಕಾಳನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ.

ನಾನು ಮುಂದೆ ನಡೆಯುತ್ತಿದ್ದೆ. ನಡೆಯುತ್ತಿದ್ದವಳು ನಾನೋ, ಅತ್ತೆಯವರ ಆಯಿಯ ಅವ್ವನೋ ಆ ಹೊತ್ತಿಗೆ ಸರಿಯಾಗಿ ಹೇಳಲಾರೆ. ಹಿಂದೆ ಊರು ಇದೆಯೋ ಇಲ್ಲವೋ ಎಂದು ತಿರುಗಿ ನೋಡಲು ಧೈರ್ಯವಾಗಲಿಲ್ಲ. ಬಹಳ ಹೊತ್ತಿನ ಮೇಲೆ ತಿರುಗಿ ನೋಡಿದರೆ ಬನ್ನಿ ಮರ ಹಿಂದೆ, ಬಹಳ ಹಿಂದೆ ನಿಂತಿತ್ತು. ಮಕ್ಕಳ ಸಾಲಿನ ಕೊನೆಯಲ್ಲಿ ಹೆಡ್ ಮಾಸ್ತರರು ಬರುತ್ತಿದ್ದರು! ನಾವು ಎಲ್ಲಿಗೆ ಹೊರಟೆವೆಂದು ನೋಡಲು ಬೆನ್ನು ಹತ್ತಿ ಬಂದಿದ್ದರು. ಬೈಯಲು ಬಂದವರೇ ಇರಬೇಕು. ಆದರೆ ನೀಲವ್ವನ ತಮ್ಮ ಅವರ ಬಲ ಹೆಗಲ ಮೇಲೆ ನಿದ್ದೆ ಹೋಗಿದ್ದ, ಬೈದರೆ ಏಳುತ್ತಾನೆಂದು ಸುಮ್ಮನಿದ್ದರು.

ಆ ಹೊತ್ತಿಗೆ ನಾವು ಸವಡಿಯವರ ಹೊಲಗಳ ಹತ್ತಿರ ಬಂದಿದ್ದೆವು. ಅಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಂಗಸರು ನಮ್ಮನ್ನು ಕಂಡು ನೆಟ್ಟಗೆ ನಿಂತರು. ಬದುವಿನಲ್ಲಿ ಸೀತನಿ ಸುಡುತ್ತಿದ್ದರು. ಎಳೆಯ ಜೋಳದ ತೆನೆಗಳ ಹಸಿಹೊಗೆ ದಾರಿಗೆ ಬರುತ್ತಿತ್ತು. ತಲೆಯ ಮೇಲೆ ಗಂಟು ಹೊತ್ತ ಅಷ್ಟು ಮಕ್ಕಳು, ಮಾತಿಲ್ಲ, ನಗುವಿಲ್ಲ. ಒಬ್ಬ ಮುದುಕಿ ಉಡಿಯ ಹತ್ತಿಯನ್ನು ಅಲ್ಲೇ ಸುರಿದು ದಾರಿಗೆ ಓಡಿಬಂದಳು.

"ಏನಾತ್ರಿ ಊರಾಗ? ಪ್ಲೇಗ್ ಬಿತ್ತೇನು ಮತ್ತ?"

ಅವಳ ಮುಖ ಕಂಡು ನನಗೆ ಗಾಬರಿಯಾಯಿತು. ಪ್ಲೇಗಿನ ಕಾಲದಲ್ಲಿ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದನ್ನು ಅವಳು ಕಂಡಿದ್ದಳು. ಹಾಗೆ ಬಂದವರಲ್ಲಿ ತಿರುಗಿ ಹೋಗದವರನ್ನೂ ಕಂಡಿದ್ದಳು. ನಾನು ಹಾಸಿಗೆಯಲ್ಲಿ, ಒಲೆಯ ಮುಂದೆ, ಬಾವಿಯ ಕಟ್ಟೆಯಲ್ಲಿ ಕೂತು ಎಷ್ಟೆಲ್ಲ ಯೋಚಿಸಿದ್ದೆ. ಯಾರಾದರೂ ಇದನ್ನು ಖರೆ ಎಂದು ನಂಬಿಯಾರೆಂದು ಮಾತ್ರ ಹೊಳೆದಿರಲಿಲ್ಲ.

"ಏನೂ ಆಗಿಲ್ಲಬೇ ಯವ್ವಾ," ಎಂದು ಅವಳ ಕೈ ಹಿಡಿದೆ. "ನಾವು ರೋಣದ ಸಾಲಿಯವರು. ಮಕ್ಕಳ ಆಟ ಇದು. ನೂರು ವರ್ಷದ ಹಿಂದ ನರಗುಂದಕ್ಕ ಕುಂಪಣಿ ದಂಡು ಬಂದಾಗ ಮಂದಿ ಹಿಂಗ ಗಂಟು ಕಟಗೊಂಡು ಹೊಂಟಿದ್ರು. ಅದನ್ನ ಮಾಡಿ ನೋಡಾಕ ಹತ್ತೀವಿ."

"ನೂರು ವರ್ಷದ ಹಿಂದ?"

"ಹೌದು."

ಮುದುಕಿ ನನ್ನ ಕೈ ಬಿಡಿಸಿಕೊಂಡು ಸಾಲಿನುದ್ದಕ್ಕೂ ಮಕ್ಕಳನ್ನು ನೋಡುತ್ತ ಹೋದಳು. ಧೂಳು ಮೆತ್ತಿದ ಕಾಲುಗಳನ್ನು ನೋಡಿದಳು, ಗಂಟುಗಳನ್ನು ನೋಡಿದಳು. ನಿದ್ದೆ ಹೋಗಿದ್ದ ಕೂಸಿನ ಮೂಗನ್ನು ತನ್ನ ಸೆರಗಿನಿಂದ ಒರೆಸಿದಳು. ಮತ್ತೆ ಬದುವಿನ ಕಡೆ ತಿರುಗಿ, ಇನ್ನಷ್ಟು ತೆನೆ ಮುರಿದು ತರಲು ಸೊಸೆಗೆ ಕೂಗಿ ಹೇಳಿದಳು.

"ನೂರು ವರ್ಷದಿಂದ ನಡಕೋತ ಬಂದೀರಿ ಅಂದ್ರ ಹೊಟ್ಟಿ ಹಸದಿರತೈತಿ," ಎಂದಳು. "ಕೂಡ್ರಿ, ಕೂಡ್ರಿ. ಆಟ ಆಮ್ಯಾಲೆ ಆಡೀರಂತ."

ಎಲ್ಲರಿಗಿಂತ ಮೊದಲು ಕುಳಿತವರು ನಮ್ಮ ಹೆಡ್ ಮಾಸ್ತರರು.