ರೇಡಿಯೇಟರಿಗೆ ಎರಡು ಚಮಚ ಅರಿಶಿನ

ನನ್ನ ಹತ್ತೊಂಬತ್ತು ವರ್ಷದ ಕಾರಿಗೆ ನಾನು ಅರಿಶಿನ ಕುಡಿಸಿದ್ದೇನೆ. ಆಯುಧಪೂಜೆಯ ದಿನ ಬಾನೆಟ್ಟಿಗೆ ಅರಿಶಿನ ಹಚ್ಚುವುದು ಊರಿಗೆಲ್ಲ ಗೊತ್ತಿರುವ ಕ್ರಮ. ನಾನು ಒಂದು ಹೆಜ್ಜೆ ಮುಂದೆ ಹೋಗಿ, ರೇಡಿಯೇಟರಿನ ಮುಚ್ಚಳ ತೆಗೆದು ಎರಡು ಚಮಚ ಒಳಗೇ ಸುರಿದವನು.

ಬಸವೇಶ್ವರನಗರದ ನಮ್ಮ ಪಾರ್ಕಿನಲ್ಲಿ ಬೆಳಿಗ್ಗೆ ನನ್ನ ಜೊತೆ ನಡೆಯುವವರೊಬ್ಬರು ಹಿಂದೆ ಬಸ್ಸು ಓಡಿಸುತ್ತಿದ್ದವರು. ಕಾರಿನ ಕೆಳಗೆ ಹನಿ ಬೀಳುತ್ತಿದೆ ಎಂದು ಹೇಳಿಕೊಂಡೆ. "ಅರಿಶಿನ ಹಾಕಿ ಸಾರ್, ತೂತು ಮುಚ್ಕೊಳ್ಳುತ್ತೆ. ನಮ್ ಕಾಲದಲ್ಲಿ ಘಾಟಿ ಹತ್ತೋವಾಗೆಲ್ಲ ಅದೇ ಮದ್ದು" ಎಂದರು. ಹುಡುಗನಾಗಿದ್ದಾಗ ಬಿದ್ದ ಮೊಣಕಾಲಿಗೆಲ್ಲ ದೊಡ್ಡಮ್ಮ ಅರಿಶಿನವನ್ನೇ ಮೆತ್ತಿ ಬೆಳೆಸಿದ ದೇಹ ನನ್ನದು. ನಂಬದಿರಲು ಕಾರಣವೇ ಕಾಣಲಿಲ್ಲ. ಹನಿ ನಿಂತಿತು. ವಾರವೆಲ್ಲ ಬೀಗಿದೆ.

ಬೀಗಿದ್ದರ ಜೊತೆ ಇನ್ನೂ ಎರಡು ತಪ್ಪು ಸೇರಿಸಿಕೊಳ್ಳಬೇಕು. ನಮ್ಮ ಮನೆಯ ನೀರಿಗೆ ಪಂಕ್ತಿಭೇದವಿದೆ. ಕಾವೇರಿ ಕುಡಿಯುವುದಕ್ಕೆ, ಬೋರಿನದು ಪಾತ್ರೆ, ಬಟ್ಟೆ ಮತ್ತು ಕಾರಿಗೆ. ಬೋರಿನ ನೀರು ಕಾಯಿಸಿದ ಪಾತ್ರೆಯ ತಳ ಸುಣ್ಣ ಬಳಿದಂತೆ ಆಗುವುದನ್ನು ದಿನಾ ನೋಡುತ್ತಿದ್ದೆ; ಅದೇ ನೀರನ್ನು ಕಾರಿಗೂ ಚೊಂಬುಗಟ್ಟಲೆ ಹುಯ್ಯುತ್ತಿದ್ದೆ. ಇನ್ನು ಇಂಜಿನ್ನನ್ನು ತಣ್ಣಗಿಡುವ ಕೂಲಂಟು. ಹಸಿರು ಬಣ್ಣದ ಡಬ್ಬಿ ಖಾಲಿಯಾದಾಗ ಅಂಗಡಿಯಲ್ಲಿ ಗುಲಾಬಿ ಇತ್ತು. ಸೀರೆಗೆ ಒಪ್ಪುವ ಜೋಡಿ ಇಂಜಿನ್ನಿಗೂ ಒಪ್ಪೀತೆಂದು ಒಳಗೆ ಉಳಿದಿದ್ದ ಹಸಿರಿನ ಮೇಲೇ ಇದನ್ನು ಹಾಕಿದೆ.

ಇಷ್ಟೆಲ್ಲ ಆದದ್ದು ಆ ಕಾರಿನ ಮೇಲಿನ ಅಕ್ಕರೆಯಿಂದಲೇ. ಅಕ್ಕರೆಗೆ ಕಾರಣ ಅತ್ತಿಗುಪ್ಪೆಯಲ್ಲಿ ತಮ್ಮ ಮಗಳ ಮನೆಯಲ್ಲಿರುವ ದೊಡ್ಡಮ್ಮ. ಅವರ ಎಡಗಾಲು ಅರ್ಧಕ್ಕಿಂತ ಹೆಚ್ಚು ಮಡಚುವುದಿಲ್ಲ. ಈಗಿನ ಎತ್ತರದ ಕಾರುಗಳನ್ನು ಕಂಡರೆ "ಅಟ್ಟ ಹತ್ತೋ ವಯಸ್ಸೇನೋ ನಂದು?" ಅನ್ನುತ್ತಾರೆ, ಚಿಕ್ಕ ಟ್ಯಾಕ್ಸಿಯಲ್ಲಿ ಕಾಲು ಹೊರಗೇ ಉಳಿಯುತ್ತದೆ. ನನ್ನ ಕಾರಿನ ಮುಂದಿನ ಸೀಟು ಮಾತ್ರ ಅವರ ಅಳತೆ ತೆಗೆದು ಹೊಲಿಸಿದಂತಿದೆ. ಅವರ ತಂಗಿ, ನನಗೆ ಚಿಕ್ಕಮ್ಮ, ಮಾಗಡಿಯಲ್ಲಿ ಸೊಂಟ ಮುರಿದುಕೊಂಡು ಮಲಗಿ ತಿಂಗಳಾಗಿತ್ತು. ಭಾನುವಾರ ಕರೆದುಕೊಂಡು ಹೋಗುತ್ತೇನೆಂದು ದೊಡ್ಡಮ್ಮನಿಗೆ ಮಾತು ಕೊಟ್ಟಿದ್ದೆ. ಅವರು ಸೋಮವಾರವೇ ಕೋಡುಬಳೆ ಸುಟ್ಟು ಡಬ್ಬಿಗೆ ತುಂಬಿದ್ದರು.

ಬುಧವಾರ ಲಗ್ಗೆರೆಯಲ್ಲಿ ಕಾರಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ಹತ್ತಿರದಲ್ಲೇ ಒಂದು ಗ್ಯಾರೇಜು ಸಿಕ್ಕಿದ್ದು ಪುಣ್ಯ. ಮೆಕ್ಯಾನಿಕ್ ಮಲ್ಲಣ್ಣ ಬಾಗಲಕೋಟೆ ಕಡೆಯವರು. ನಾನು ಮುಚ್ಚಳಕ್ಕೆ ಕೈ ಹಾಕಿದೊಡನೆ ಗದರಿದರು:

"ಏ ಸರ, ಕೈ ತಗೀರಿ! ಬಿಸಿ ಇದ್ದಾಗ ತಗದ್ರ ಮಾರಿ ಸುಟ್ಟಕೋತೀರಿ. ಚಾ ಕುಡದ ಬರ್ರಿ."

ಚಹಾ ಕುಡಿದು, ಕಾರು ತಣ್ಣಗಾದ ಮೇಲೆ ಅವರು ಮುಚ್ಚಳ ತಿರುಗಿಸಿ ಒಳಗೊಂದು ಬೆರಳು ಆಡಿಸಿದರು. ಬೆರಳಿಗೆ ಅಂಟಿದ್ದನ್ನು ನನ್ನ ಮುಂದೆ ಹಿಡಿದರು.

"ಏನ್ರಿ ಸರ ಇದು? ಒಗ್ಗರಣಿ ಒಂದ ಬಾಕಿ ಇಟ್ಟೀರಲ್ಲ!"

ನಿಜಕ್ಕೂ ಅದು ಗೊಜ್ಜಿನಂತಿತ್ತು. ತಳದಲ್ಲಿ ನಿಲ್ಲುವುದಕ್ಕೆ ದೊಡ್ಡಮ್ಮನ ಕನ್ನಡದಲ್ಲಿ ದರ್ಜೆಗಳಿವೆ. ತುಪ್ಪ ಕಾಯಿಸಿದಾಗ ಉಳಿದರೆ ಗಸಿ, ಅನ್ನಕ್ಕೆ ಕಲಸಿ ತಿನ್ನಬಹುದು. ಹೊಸ ನೀರು ಕದಡಿದರೆ ಬಗ್ಗಡ, ಕಾದರೆ ತಿಳಿಯಾಗುತ್ತದೆ. ಕೆರೆಯಲ್ಲಿ ತುಂಬಿದರೆ ಹೂಳು, ಬೇಸಗೆಯಲ್ಲಿ ಎತ್ತಿ ಹೊಲಕ್ಕೆ ಹೊಡೆಯಬಹುದು. ಮಲ್ಲಣ್ಣನ ಬೆರಳ ಮೇಲಿದ್ದದ್ದು ಇದಾವುದೂ ಅಲ್ಲ. ತಿನ್ನಲೂ ಆಗದ, ತಿಳಿಯೂ ಆಗದ, ಹೊಲಕ್ಕೂ ಬಾರದ ನನ್ನದೇ ಸೃಷ್ಟಿ.

"ಇದು ಇಂಜಿನ್ ಎಣ್ಣ್ಯಾಗ ಕೂಡಿದ್ರ ಮುಗೀತ್ರಿ. ಈ ವಾರದಾಗ ಗಾಡಿ ಹೊರಡೂದಿಲ್ಲ" ಎನ್ನುತ್ತ ಮಲ್ಲಣ್ಣ ಎಣ್ಣೆ ಅಳೆಯುವ ಕಡ್ಡಿ ಎಳೆದು ಬಿಸಿಲಿಗೆ ಹಿಡಿದರು. ನನ್ನ ಕಣ್ಣ ಮುಂದೆ ಕೋಡುಬಳೆಯ ಡಬ್ಬಿ ಬಂತು. ಎಣ್ಣೆಯಲ್ಲಿ ನೀರು ಸೇರಿದ್ದರೆ ಹಾಲು ಹಾಕಿದ ಕಾಫಿಯ ಬಣ್ಣವಿರುತ್ತದಂತೆ. ಅವರು ಕಡ್ಡಿಯನ್ನು ಒರೆಸಿ ಮತ್ತೆ ಅದ್ದಿ, ಮತ್ತೆ ನೋಡಿದರು. ಬಳಿಕ ಎಣ್ಣೆ ತುಂಬುವ ಮುಚ್ಚಳದ ಒಳಮೈಯನ್ನೂ ಪರೀಕ್ಷಿಸಿದರು.

"ಕರೀ ಐತಿ. ಬಚಾವ್ ಆತು ನೋಡ್ರಿ."

ಎರಡು ದಿನ ರೇಡಿಯೇಟರನ್ನು ಬಿಚ್ಚಿ, ಕೆಳಗಿನ ಬಾಯಿಂದ ಮೇಲಕ್ಕೆ ನೀರು ಹಾಯಿಸಿ, ತಿಳಿಯಾಗಿ ಬರುವವರೆಗೂ ಬಿಡಲಿಲ್ಲ. ಅರಿಶಿನ ಮುಚ್ಚಿಟ್ಟಿದ್ದ ಸೀಳಿದ ರಬ್ಬರ್ ಕೊಳವೆಯನ್ನು ತೆಗೆದು ಹೊಸದು ಹಾಕಿದರು. ಕಾರಿನ ಪುಸ್ತಕದಲ್ಲಿ ಹೇಳಿದ ಕೂಲಂಟನ್ನೇ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಬೆರೆಸಿ ತುಂಬಿದರು. "ಒಂದ ಜಾತಿದು ಹಾಕ್ರಿ, ಟೈಮಿಗೆ ಬದಲ ಮಾಡ್ರಿ. ಕಡಿಮಿ ಆದ್ರ ಎಲ್ಲಿಂದ ಹೊಂಟೈತಿ ಅಂತ ಮೊದಲ ಹುಡಕ್ರಿ. ಮತ್ತ ಅಡಗಿ ಮನಿ ಸಾಮಾನು ಅಡಗಿ ಮನ್ಯಾಗ ಇರ್ಲಿ" ಎಂದರು. ಹಳೆಯ ಕಾರು ಸಾಯುವುದು ಅಲಕ್ಷ್ಯದಿಂದ ಎಂದು ತಿಳಿದಿದ್ದೆ. ಉಪಚಾರ ಹೆಚ್ಚಾಗಿಯೂ ಸಾಯಬಹುದು ಎಂಬುದು ಅಂದು ಹೊಳೆಯಿತು.

ಭಾನುವಾರ ಹೊರಟೆವು. ಶ್ರೀಗಂಧದ ಕಾವಲಿನ ಹತ್ತಿರ ವಾಹನಗಳ ನಡುವೆ ಸಿಕ್ಕಿಕೊಂಡಾಗ ನಾನು ರಸ್ತೆಗಿಂತ ಮುಳ್ಳನ್ನೇ ಹೆಚ್ಚು ನೋಡಿದೆ. ಅದು ಅರ್ಧದಲ್ಲೇ ನಿಂತಿತ್ತು. ಹೊತ್ತು ಕಳೆಯಲೆಂದು ದೊಡ್ಡಮ್ಮನಿಗೆ ಅರಿಶಿನದ ಕಥೆಯೆಲ್ಲ ಒಪ್ಪಿಸಿದೆ. "ಅಯ್ಯೋ ಪೆದ್ದಾ, ಗಾಯಕ್ಕೆ ಮೇಲೆ ಹಚ್ಚೋದು ಕಣೋ. ನಿಂಗೆ ಯಾವತ್ತಾದ್ರೂ ಮೊಣಕಾಲು ಸೀಳಿ ಒಳಗೆ ತುಂಬಿದ್ನಾ?" ಎಂದು ಮಾಗಡಿ ಬರುವವರೆಗೂ ನಕ್ಕರು.

ಚಿಕ್ಕಮ್ಮನ ಮನೆಯ ಮುಂದೆ ನಿಲ್ಲಿಸಿದಾಗ ಚಿಕ್ಕಪ್ಪ ಕೈಯಲ್ಲಿ ಚೊಂಬು ಹಿಡಿದು ಕಾದಿದ್ದರು. ದೊಡ್ಡಮ್ಮನನ್ನು ಮಾತಾಡಿಸಿದವರೇ ನೇರ ಬಾನೆಟ್ಟಿನ ಕಡೆ ನಡೆದರು. "ಎತ್ತಪ್ಪಾ ಇದನ್ನ. ಅಷ್ಟು ದೂರದಿಂದ ಬಿಸಿಲಲ್ಲಿ ಬಂದಿದೆ, ಒಂದು ಚೊಂಬು ನೀರು ಹುಯ್ಯೋಣ. ನಮ್ಮ ಬಾವೀದು, ಕಲ್ಲುಸಕ್ಕರೆ ನೀರು!"

ಬಾಗಿಲಲ್ಲಿ ಹಿರಿಯರು ಕೊಡುವ ನೀರನ್ನು ಬೇಡವೆನ್ನುವುದು ಹೇಗೆ? ಕೂಲಂಟಿನ ಶಾಸ್ತ್ರವನ್ನು ಅಲ್ಲಿ ಬಿಚ್ಚುವುದು ಹೇಗೆ?

ಅಷ್ಟರಲ್ಲಿ ದೊಡ್ಡಮ್ಮ ಬಾಗಿಲು ಹಿಡಿದು ಮೆಲ್ಲಗೆ ಇಳಿದರು. ಚಿಕ್ಕಪ್ಪನ ಕೈಯಿಂದ ಚೊಂಬು ತೆಗೆದುಕೊಂಡು, ಮುಂದಿನ ಚಕ್ರದ ಮೇಲೆ ಭಕ್ತಿಯಿಂದ ಸುರಿದು ಖಾಲಿ ಮಾಡಿದರು.

"ಕಾಲಿಗೆ ನೀರು ಕೊಟ್ಟ ಹಾಗಾಯ್ತು ನೋಡಿ. ಕುಡಿಯೋದು ಅದು ಮನೇಲೇ ಕುಡಿದು ಬಂದಿದೆ. ಎಲ್ಲಿ ಮಲಗಿದ್ದಾಳೆ ನಮ್ಮ ಹುಡುಗಿ?"

ಚಿಕ್ಕಪ್ಪ ಸಂತೋಷದಿಂದ ದಾರಿ ಬಿಟ್ಟರು. ಒಲಿದು ಕೊಟ್ಟದ್ದನ್ನು ಬೇಡವೆನ್ನಬೇಕಾಗಿಲ್ಲ. ಎಲ್ಲಿ ಸುರಿಸಿಕೊಳ್ಳಬೇಕೆಂದು ತಿಳಿದಿದ್ದರೆ ಸಾಕು.