ಗೂಡು ಬೇಯುವ ವಾಸನೆ, ನರ್ಸಮ್ಮನ ಸೈಕಲ್ಲು

ಮೊನ್ನೆ ಬೆಳಿಗ್ಗೆ ಸೈಕಲ್ಲಿನಲ್ಲಿ ಮಾಂಬಳ್ಳಿ ಕಡೆ ಹೋಗಿದ್ದೆ. ಊರು ಸಮೀಪಿಸುತ್ತಿದ್ದ ಹಾಗೆ ಗಪ್ಪೆಂದು ಆ ವಾಸನೆ ಮೂಗಿಗೆ ಹೊಡೆಯಿತು. ರೇಷ್ಮೆಗೂಡು ಬಿಸಿನೀರಿನಲ್ಲಿ ಬೇಯುವ ವಾಸನೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ಕೊಳ್ಳೇಗಾಲದವಳಾದ ನನಗೆ ಅದೇನೂ ಹೊಸದಲ್ಲ. ಆದರೂ ಬ್ರೇಕ್ ಹಿಡಿದು ಇಳಿದುಬಿಟ್ಟೆ. ಇಷ್ಟು ವರ್ಷವಾಯಿತು, ಆ ವಾಸನೆಗೆ ಇಂದಿಗೂ ನೆನಪಾಗುವುದು ನಮ್ಮ ನರ್ಸಮ್ಮ...

ಅವರು ನಮ್ಮ ಎದುರು ಮನೆಯವರು. ಹನೂರು ಕಡೆಯ ಹಳ್ಳಿಗಳಲ್ಲಿ ಸೈಕಲ್ ತುಳಿದು ಹೆರಿಗೆ ಮಾಡಿಸಿ, ರಿಟೈರ್ ಆದ ಮೇಲೆ ತಂಗಿಯ ಜೊತೆ ಬಂದು ನೆಲೆಸಿದ್ದರು. ಮೂವತ್ತು ದಾಟಿದ ನನಗೆ ಸೈಕಲ್ ಕಲಿಸಿದ್ದು ಅವರೇ. ನಾನೋ ಮಹಾ ಪುಕ್ಕಲಿ. ಎದುರಿಗೆ ಆಡು ಬಂದರೂ ಹ್ಯಾಂಡಲ್ ಬಿಟ್ಟು ಕಿರುಚುತ್ತಿದ್ದೆ. "ಆಡು ತನ್ ದಾರೀಲಿ ಓಯ್ತದೆ ಕಣವ್ವ, ನೀನ್ ನಿನ್ ದಾರೀಲಿ ಓಗು!" ಎಂದು ಬೈಯುತ್ತ ಕ್ಯಾರಿಯರ್ ಹಿಡಿದು ಹಿಂದೆ ಓಡಿ ಬರುತ್ತಿದ್ದರು.

ದಿನಾ ಸಂಜೆ ಅವರ ಸವಾರಿ ಇರಲೇಬೇಕು. ಸುಮ್ಮನೆ ತಿರುಗಿ ಬರುವಂತಿಲ್ಲ, ಹೊಸದೇನಾದರೂ ಕಂಡು ಬರಬೇಕು. ಬಂಡಳ್ಳಿ ಬಸ್ಸಿನ ಕಂಡಕ್ಟರ್ ನಾಯಿಗೆ ಬನ್ನು ಹಾಕದೆ ಸೀಟಿ ಊದುವುದಿಲ್ಲ. ಹಿಂದಿನ ಬೀದಿಯ ಟೈಲರ್ ಅಂಗಡಿ ಮೇಲೆ ಹಾಗಲ ಬಳ್ಳಿ ಹಬ್ಬಿ, ಕಾಯೊಂದು ಬೋರ್ಡಿನ ಮುಂದೆ ನೇತಾಡುತ್ತಿದೆ... ಇಂಥವು. ನಾನು ಒಬ್ಬಳೇ ಹೋಗಿ ಬಂದರೂ ಗೇಟಿನಲ್ಲೇ ತಡೆಯುತ್ತಿದ್ದರು. "ಏನ್ ಕಂಡೆವ್ವ ಇವತ್ತು?"

ಅವರ ಮನೆಯ ಗೋಡೆಗೆ ಅಂಟಿಕೊಂಡೇ ಗೂಡು ಬೇಯಿಸಿ ನೂಲು ಬಿಚ್ಚುವ ಶೆಡ್ಡಿತ್ತು. ಬೀದಿಯವರೆಲ್ಲ ಆ ವಾಸನೆಗೆ ಗೊಣಗಿದರೆ ಅವರು ನಗುತ್ತಿದ್ದರು. "ಈ ವಾಸ್ನೆ ಬಂತು ಅಂದ್ರೆ ಮನೆ ಬಂತು ಅಂತ ಕಣವ್ವ. ಕಣ್ಣು ಮುಚ್ಕಂಡು ಬತ್ತೀನಿ."

ಆಮೇಲಾಮೇಲೆ ಹಾಗಲಕಾಯಿಯ ಕಥೆಯನ್ನು ವಾರದಲ್ಲಿ ನಾಲ್ಕು ಸಲ ಹೇಳತೊಡಗಿದರು. ಒಮ್ಮೆ ನನ್ನನ್ನೇ ದಿಟ್ಟಿಸಿ, "ನೀನು ಯಾರ ಮನೆ ಸೊಸೆ?" ಎಂದರು. ಅಂದಿನಿಂದ ಅವರು ಸೈಕಲ್ ತೆಗೆದರೆ ನನ್ನ ಜೀವ ಕೈಯಲ್ಲಿ. ಆದಷ್ಟೂ ಹಿಂದೆಯೇ ಹೋಗುತ್ತಿದ್ದೆ. ತಿರುವುಗಳಲ್ಲಿ ತಡವರಿಸುವರು, ಮೂಗು ಎತ್ತುವರು, ಆಮೇಲೆ ಸರಿಯಾಗಿ ನಮ್ಮ ಬೀದಿಗೇ ತಿರುಗುವರು. ಸದ್ಯ, ಇವತ್ತಿಗೆ ಬದುಕಿದೆವು ಅಂದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಶೆಡ್ಡಿನವರು ಒಲೆ ಆರಿಸಿ ಬೀಗ ಹಾಕಿದರು. ಬೀದಿಗೆಲ್ಲ ಖುಷಿ. ಆ ವಾಸನೆ ಇಲ್ಲದೆ ನರ್ಸಮ್ಮ ಹೇಗೆ ಬರುತ್ತಾರೆಂದು ಯಾರಿಗಾದರೂ ಹೊಳೆಯಬೇಕಲ್ಲ!

ನಾಲ್ಕು ದಿನ ಕಳೆದಿರಬಹುದು. ನನಗೆ ಜ್ವರ, ಮಲಗಿದ್ದೆ. ದೀಪ ಹಚ್ಚುವ ಹೊತ್ತಿಗೆ ಅವರ ತಂಗಿ ಓಡಿ ಬಂದರು. "ಅಕ್ಕ ಮದ್ಯಾನ ಓದೋಳು ಇನ್ನೂ ಬಂದಿಲ್ಲ ಕಣವ್ವ, ಏನ್ ಮಾಡದು?"

ಜ್ವರ ಎಲ್ಲಿ ಹೋಯಿತೋ ಗೊತ್ತಿಲ್ಲ, ಸೈಕಲ್ ಹತ್ತಿ ಹೊರಟೆ. ಬಸ್ ಸ್ಟ್ಯಾಂಡು, ಮಾರ್ಕೆಟ್ಟು, ಟೈಲರ್ ಅಂಗಡಿ, ಎಲ್ಲೂ ಇಲ್ಲ. ಲಾರಿಗಳ ಬೆಳಕು ಕಂಡಾಗಲೆಲ್ಲ ಕೆಟ್ಟದ್ದೇ ಕಣ್ಣ ಮುಂದೆ ಬರುತ್ತಿತ್ತು. ಯಳಂದೂರು ರಸ್ತೆಯ ತಿರುವಿನಲ್ಲಿ ನಿಂತಾಗ ಥಟ್ಟನೆ ಆ ಮಾತು ನೆನಪಾಯಿತು. ವಾಸನೆ ಬಂದರೆ ಮನೆ ಬಂತು! ಗೂಡು ಬೇಯುವ ಮನೆಗಳು ಇನ್ನೆಲ್ಲಿವೆ? ಮಾಂಬಳ್ಳಿಯಲ್ಲಿ. ತುಳಿದೆ ನೋಡಿ... ದೇವರ ಹೆಸರು ಹೇಳುತ್ತ, ಅಳುತ್ತ.

ಒಂದು ಶೆಡ್ಡಿನ ಜಗಲಿಯಲ್ಲಿ, ಸೈಕಲ್ಲನ್ನು ನೀಟಾಗಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ನರ್ಸಮ್ಮ ಕೂತಿದ್ದರು. ಕೈಯಲ್ಲಿ ಕಾಫಿ ಲೋಟ. ಶೆಡ್ಡಿನಾತ ಎದ್ದು ಬಂದ. "ನಿಮ್ಮೋರಾ ಅಮ್ಮ? ಆಗ್ಲಿಂದ ಕುಂತವ್ರೆ. ಇದೇ ನಮ್ಮನೆ ಅಂತಾವ್ರೆ, ಓಗಿ ಅನ್ನಕೆ ಮನ್ಸು ಬರ್ನಿಲ್ಲ."

ನರ್ಸಮ್ಮ ನನ್ನನ್ನು ಕಂಡು ಪಕ್ಕದಲ್ಲಿ ಜಾಗ ಮಾಡಿದರು. "ಬಾ ಕಣವ್ವ, ಕೂತ್ಕೊ. ಬೀಗದ ಕೈ ಸಿಕ್ತಿಲ್ಲ, ಸಿಕ್ಕಿದ್ ಮೇಲೆ ಒಳಕ್ಕೋಗವ."

ಬೈಯಬೇಕೆಂದು ಬಂದವಳು ಪಕ್ಕದಲ್ಲಿ ಕೂತು ಗೊಳೋ ಎಂದು ಅತ್ತೆ. "ಯಾಕವ್ವ, ಬಿದ್ಯಾ?" ಎಂದು ನನ್ನ ಮೊಣಕಾಲು ಸವರಿದರು.

ಮರುದಿನ ತಂಗಿ ಅವರ ಸೈಕಲ್ಲಿಗೆ ಸರಪಳಿ ಹಾಕಿದರು. ನರ್ಸಮ್ಮ ಗೇಟಿಗೆ ಒರಗಿ ಕೂರುವಂತಾಯಿತು. ನನ್ನ ಹೆಸರು ಮರೆತರು, ತಂಗಿಯನ್ನೂ ಮರೆತರು, ಆದರೆ ಬೆಲ್ ಕೇಳಿದರೆ ಸಾಕು, "ಏನ್ ಕಂಡೆ?" ಅವರಿಗೆ ಹೇಳಬೇಕಲ್ಲ ಎಂದೇ ನಾನು ಊರನ್ನು ಕಣ್ಣು ಬಿಟ್ಟು ನೋಡಲು ಕಲಿತದ್ದು. ಒಂದು ಚಳಿಗಾಲ ಅವರು ತೀರಿಹೋದರು, ಆಮೇಲೆ ತಂಗಿಯೂ ಊರು ಬಿಟ್ಟರು...

ಮೊನ್ನೆ ಅದೇ ಜಗಲಿ ನೋಡಿದೆ. ಮೂಲೆಯಲ್ಲಿದ್ದ, ನೂಲು ಬಿಚ್ಚುವ ಹಳೇ ಚರಕದಲ್ಲಿ ಗುಬ್ಬಿ ಗೂಡು ಕಟ್ಟಿತ್ತು. ಹೇಳಬೇಕು, ಹೇಳಬೇಕು ಎಂದು ಒಂದೇ ಉಸಿರಿಗೆ ತುಳಿದು ಬಂದು, ಅವರ ಗೇಟಿನ ಮುಂದೆ ಬೆಲ್ ಹೊಡೆದುಬಿಟ್ಟೆ. ಆಮೇಲೆ ಬೀಗ ಕಂಡಿತು. ಈಚೆಗೆ ನನಗೂ ಒಮ್ಮೊಮ್ಮೆ ಬೀದಿಯ ಹೆಸರು ತಕ್ಷಣ ನೆನಪಾಗುವುದಿಲ್ಲ, ಅದೊಂದು ಅಳುಕು ಒಳಗೆ ಇದ್ದೇ ಇದೆ. ಯಾರಿಗೂ ಹೇಳದಿದ್ದರೆ ಇದೂ ಮರೆತುಹೋದೀತೆಂದು ಭಯವಾಯಿತು. ಅತ್ತಿತ್ತ ನೋಡಿ, ಬೀಗ ಹಾಕಿದ ಗೇಟಿಗೇ ಗುಬ್ಬಿಯ ವಿಷಯ ಹೇಳಿ ಮನೆಗೆ ಬಂದೆ.